ಓದು ನಿಂತಲ್ಲಿ, ಗಮನ ಜಾರಿದಲ್ಲಿ: ಎರಡನೆಯ ತರಗತಿಯ ಬಾಲಕಿಗೆ ಶಾಲೆಯ ನೆರವು ಕೋರಿದ ಒಂದು ಪ್ರಕರಣ

ಎರಡನೆಯ ತರಗತಿಯ ಮೊದಲ ಪರೀಕ್ಷೆ ಮುಗಿದ ಮೇಲೆ ಬಾಲಕಿಯೊಬ್ಬಳ ತಂದೆತಾಯಿ ಶಾಲೆಗೆ ಪತ್ರ ಬರೆದರು. ಮಗಳು ಓದಿನಲ್ಲಿ ಹಿಂದಿದ್ದಾಳೆ, ಅವಳ ಗಮನ ಒಂದು ಕಡೆ ನಿಲ್ಲುವುದಿಲ್ಲ, ದಯವಿಟ್ಟು ಅವಳನ್ನು ಸ್ವಲ್ಪ ಹೆಚ್ಚು ನೋಡಿಕೊಳ್ಳಬೇಕು ಎಂಬಷ್ಟೇ ಅದರಲ್ಲಿತ್ತು. ಶಾಲೆ ಸೌಜನ್ಯದಿಂದಲೇ ಉತ್ತರ ಕೊಟ್ಟಿತು: ಮಗು ಇನ್ನೂ ಚಿಕ್ಕದು, ಮೂರನೆಯ ತರಗತಿಯ ಹೊತ್ತಿಗೆ ಸರಿಹೋಗುತ್ತದೆ, ಅಲ್ಲಿಯವರೆಗೆ ಮನೆಯಲ್ಲಿ ಹೆಚ್ಚು ಓದಿಸಿ. ಹಾಗೂ ಸರಿಹೋಗದಿದ್ದರೆ ತಜ್ಞರ ವರದಿ ತನ್ನಿ, ಆಗ ಏನು ಮಾಡಬಹುದೆಂದು ನೋಡೋಣ ಎಂದು ಮುಖ್ಯೋಪಾಧ್ಯಾಯಿನಿ ಮಾತಿನಲ್ಲಿ ತಿಳಿಸಿದರು. ತಂದೆತಾಯಿ ಮನೆಯಲ್ಲಿ ಹೆಚ್ಚು ಓದಿಸಿದರು. ಮಗು ಪುಸ್ತಕ ಕಂಡರೆ ಅಳುವ ಹಂತಕ್ಕೆ ಬಂತು.

ನಾನು ಕಲಿಕೆಯಲ್ಲಿ ತೊಂದರೆಯಿರುವ ಮಕ್ಕಳೊಂದಿಗೆ ಕೆಲಸ ಮಾಡುವ ವಿಶೇಷ ಶಿಕ್ಷಕಿ. ಈ ಪತ್ರವ್ಯವಹಾರ ನಡೆದು ಕೆಲವು ತಿಂಗಳಾದ ಮೇಲೆ ಪ್ರಕರಣ ನನ್ನ ಬಳಿಗೆ ಬಂತು. ಮಗುವಿನ ಮತ್ತು ಶಾಲೆಯ ಗುರುತು ಸಿಗುವಂಥ ವಿವರಗಳನ್ನು ಬಿಟ್ಟು, ನಡೆದದ್ದನ್ನು ನಡೆದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ತೊಂದರೆಗೆ ಹೆಸರು ಕೊಡುವ ವರದಿ ಬರುವವರೆಗೆ ನೆರವು ಕಾಯಬೇಕು ಎಂಬ ನಂಬಿಕೆ ಮನೆಗಳಲ್ಲೂ ಶಾಲೆಗಳಲ್ಲೂ ಗಟ್ಟಿಯಾಗಿದೆ, ಮತ್ತು ಆ ನಂಬಿಕೆಯಿಂದ ಚಿಕ್ಕ ಮಕ್ಕಳ ಅಮೂಲ್ಯವಾದ ವರ್ಷಗಳು ಕಳೆದುಹೋಗುತ್ತಿವೆ. ಈ ಬಾಲಕಿಯ ವಿಷಯದಲ್ಲಿ ಶಾಲೆ ಒಪ್ಪಿದ್ದು, ಅವಳು ಯಾವ ಕೆಲಸದಲ್ಲಿ, ಯಾವ ಹಂತದಲ್ಲಿ ನಿಂತುಬಿಡುತ್ತಾಳೆ ಎಂದು ಬರೆದಿಟ್ಟ ಎರಡು ಪುಟದ ವಿವರವನ್ನು ನೋಡಿ. ವರದಿ ಬಂದದ್ದು ಅದಾದ ಎಷ್ಟೋ ತಿಂಗಳ ಮೇಲೆ.

ತರಗತಿಯಲ್ಲಿ ಕಂಡದ್ದು

ಬಾಲಕಿಗೆ ಆಗ 7 ವರ್ಷ ತುಂಬಿ ಕೆಲವೇ ವಾರಗಳಾಗಿದ್ದವು; 38 ಮಕ್ಕಳ ಆ ತರಗತಿಯಲ್ಲಿ ಅವಳು ಅತಿ ಚಿಕ್ಕವರಲ್ಲಿ ಒಬ್ಬಳು. ಮಾತಿನಲ್ಲಿ ಚುರುಕು. ಒಮ್ಮೆ ಕೇಳಿದ ಕತೆಯನ್ನು ಪಾತ್ರಕ್ಕೊಂದು ದನಿ ಕೊಟ್ಟು ಹೇಳುತ್ತಿದ್ದಳು, ಬಾಯಿಲೆಕ್ಕದಲ್ಲಿ ತನ್ನ ಓರಗೆಯವರಿಗಿಂತ ಮುಂದಿದ್ದಳು. ತರಗತಿ ಶಿಕ್ಷಕಿಯ ದೂರುಗಳೆಲ್ಲ ಬರವಣಿಗೆ ಮತ್ತು ಗಮನಕ್ಕೆ ಸಂಬಂಧಿಸಿದ್ದವು: ಹಲಗೆಯ ಮೇಲಿನದನ್ನು ಬರೆದುಕೊಳ್ಳುವುದು ಎಂದೂ ಮುಗಿಯುವುದಿಲ್ಲ, ಪುಸ್ತಕ ತೆರೆಯಿರಿ ಎಂದಾಗ ಎತ್ತಲೋ ನೋಡುತ್ತಿರುತ್ತಾಳೆ, ಪೆನ್ಸಿಲು ರಬ್ಬರು ದಿನವೂ ಕಳೆಯುತ್ತವೆ, ಮೂರು ಸೂಚನೆ ಒಟ್ಟಿಗೆ ಕೊಟ್ಟರೆ ಒಂದನ್ನು ಮಾತ್ರ ಮಾಡುತ್ತಾಳೆ. "ಬುದ್ಧಿ ಇದೆ ಮೇಡಂ, ಮನಸ್ಸಿಟ್ಟು ಮಾಡುವುದಿಲ್ಲ ಅಷ್ಟೇ" ಎಂದು ಅವರು ಹೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಗಮನದ ತೊಂದರೆ ಎಂದರೆ ಜಾಗದಲ್ಲಿ ಕೂರದೆ ಓಡಾಡುವುದು ಎಂದೇ ಭಾವಿಸಿರುವ ಕಡೆಯಲ್ಲೆಲ್ಲ ಹೀಗೆ ಸದ್ದಿಲ್ಲದೆ ಕುಳಿತಿರುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬಹಳ ತಡವಾಗಿ ಕಣ್ಣಿಗೆ ಬೀಳುತ್ತಾರೆ.

ಓದಿನ ಬಗ್ಗೆ ಶಿಕ್ಷಕಿಗೆ ಅಷ್ಟೊಂದು ಆತಂಕವಿರಲಿಲ್ಲ, ಏಕೆಂದರೆ ಪಠ್ಯಪುಸ್ತಕದ ಪಾಠಗಳನ್ನು ಅವಳು ಹೆಚ್ಚು ತಡವರಿಸದೆ ಓದುತ್ತಿದ್ದಳು. ಪಕ್ಕದಲ್ಲಿ ಕುಳಿತು ನೋಡಿದಾಗ ಬೆರಳು ಒಂದು ಸಾಲಿನಲ್ಲಿತ್ತು, ಮಾತು ಮುಂದಿನ ಸಾಲಿನಲ್ಲಿತ್ತು. ಅದೇ ಪಾಠದ ವಾಕ್ಯಗಳನ್ನು ಹಿಂದುಮುಂದಾಗಿಸಿ ಬೇರೊಂದು ಹಾಳೆಯಲ್ಲಿ ಬರೆದುಕೊಟ್ಟೆ. ಮೊದಲ ಪದದಲ್ಲೇ ನಿಂತಳು, ನನ್ನ ಮುಖ ನೋಡಿ "ಇದು ನಮ್ಮ ಪಾಠ ಅಲ್ಲ ಮಿಸ್" ಎಂದಳು. ಇತರ ಮಕ್ಕಳು ಓದುವುದನ್ನು ಕೇಳಿ ಕೇಳಿ ಪಾಠಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಮನಸ್ಸಿಟ್ಟು ಮಾಡುವುದಿಲ್ಲ ಎನ್ನಿಸಿಕೊಂಡ ಮಗು ದಿನವೂ ಪಡುತ್ತಿದ್ದ ಶ್ರಮ ಇದು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು 14 ವರ್ಷದ ಹುಡುಗನೊಬ್ಬನ ಓದಿನ ತೊಂದರೆಯನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಿವರಿಸಿದಾಗ, ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಆ ಹುಡುಗನೇ ಶಾಲೆಯಲ್ಲಿ ಎಲ್ಲರಿಗಿಂತ ಚುರುಕು ಎನ್ನಿಸಿಕೊಳ್ಳುತ್ತಿದ್ದ ಎಂಬ ಅವನ ಶಿಕ್ಷಕರ ಅಭಿಪ್ರಾಯವನ್ನೂ ದಾಖಲಿಸಿದ್ದರು. ಆ ಮಾತು ಈ ಬಾಲಕಿಗೆ ಅಕ್ಷರಶಃ ಒಪ್ಪುತ್ತಿತ್ತು.

ಹಲಗೆಯಿಂದ ಬರೆದುಕೊಳ್ಳುವಾಗ ಕಂಡ ಇನ್ನೊಂದು ಸಂಗತಿ ಮುಂದೆ ಬಹಳ ಉಪಯೋಗಕ್ಕೆ ಬಂತು. ಪಕ್ಕದ ಮಕ್ಕಳು ಒಮ್ಮೆ ತಲೆಯೆತ್ತಿ ನೋಡಿ ಒಂದು ಪದವನ್ನೋ ಎರಡು ಪದಗಳನ್ನೋ ಬರೆಯುತ್ತಿದ್ದರು. ಇವಳು ಒಂದೊಂದು ಅಕ್ಷರಕ್ಕೂ ತಲೆಯೆತ್ತುತ್ತಿದ್ದಳು, ಪ್ರತಿ ಸಲವೂ ತಾನಿದ್ದ ಸಾಲನ್ನು ಹುಡುಕುತ್ತಿದ್ದಳು, ಮೂರನೆಯ ಸಾಲಿನ ಹೊತ್ತಿಗೆ ಹುಡುಕುವುದನ್ನೇ ಬಿಟ್ಟು ಸುಮ್ಮನೆ ಕೂರುತ್ತಿದ್ದಳು. ಶಿಕ್ಷಕಿಗೆ ಕಾಣುತ್ತಿದ್ದದ್ದು ಹೀಗೆ ಸುಮ್ಮನೆ ಕುಳಿತ ಹೊತ್ತು ಮಾತ್ರ.

ಮನೆಯಲ್ಲಿ

ಇಪ್ಪತ್ತು ನಿಮಿಷದ ಮನೆಪಾಠ ಸಂಜೆಯನ್ನೆಲ್ಲ ನುಂಗುತ್ತಿತ್ತು. ರಜೆ ಮುಗಿಯುವ ಸಂಜೆ ಹೊಟ್ಟೆನೋವು ಬರುತ್ತಿತ್ತು, ವೈದ್ಯರು ನೋಡಿದರೆ ದೈಹಿಕ ಕಾರಣ ಸಿಗುತ್ತಿರಲಿಲ್ಲ. ಓದಿನ ಹೊರಗೂ ತೊಡಕುಗಳಿದ್ದವು: ಬಟ್ಟೆ ಹಾಕಿಕೊಳ್ಳಲು ಹೋದವಳು ಒಂದು ತೋಳು ತೂರಿಸಿಕೊಂಡು ಮರೆತು ನಿಲ್ಲುತ್ತಿದ್ದಳು, ಆಟದಲ್ಲಿ ತನ್ನ ಸರದಿ ಬಂದದ್ದು ಗೊತ್ತಾಗದೆ ಗೆಳತಿಯರಿಂದ ಬೈಸಿಕೊಳ್ಳುತ್ತಿದ್ದಳು. ಮಾತು ಬಂದದ್ದು ಸ್ವಲ್ಪ ತಡ. ಶಿಶುವಿಹಾರದಲ್ಲಿ ಪ್ರಾಸ ಜೋಡಿಸುವ ಆಟ ಅವಳಿಗೆ ಹಿಡಿಸುತ್ತಿರಲಿಲ್ಲ, ವಾರದ ಹೆಸರುಗಳನ್ನು ಕ್ರಮವಾಗಿ ಹೇಳಲು ಇನ್ನೂ ತೊಡಕುತ್ತಿದ್ದಳು.

ತಂದೆ ಹೆಚ್ಚು ಮಾತಾಡಲಿಲ್ಲ. ತಾವೂ ಬಾಲ್ಯದಲ್ಲಿ ಹೀಗೆಯೇ ಇದ್ದೆವು, ಪೆಟ್ಟು ತಿಂದು ಕಲಿತೆವು, ಈಗಲೂ ದೀರ್ಘ ಪತ್ರಗಳನ್ನು ಎರಡು ಸಲ ಓದಬೇಕಾಗುತ್ತದೆ ಎಂದರು. ಅವರು ಅದನ್ನು ಸಮಾಧಾನಕ್ಕಾಗಿ ಹೇಳಿದರು. ನನಗೆ ಅದು ಮುಖ್ಯವಾದ ಮಾಹಿತಿಯಾಗಿತ್ತು, ಏಕೆಂದರೆ ಓದಿನ ತೊಂದರೆಯೂ ಗಮನದ ತೊಂದರೆಯೂ ಕುಟುಂಬದಲ್ಲಿ ಹರಿದುಬರುವ ಸಾಧ್ಯತೆ ಹೆಚ್ಚು, ಮತ್ತು ತಂದೆಗೋ ತಾಯಿಗೋ ಓದಿನ ತೊಂದರೆ ಇದ್ದಾಗ ಕಾದು ನೋಡೋಣ ಎನ್ನುವುದಕ್ಕೆ ಆಧಾರ ಇನ್ನೂ ಕಡಿಮೆಯಾಗುತ್ತದೆ.

ಬೇರೆ ಕಾರಣಗಳು, ಮತ್ತು ಓದಿನ ಪರಿಶೀಲನೆ

ಶ್ರವಣ ಮತ್ತು ದೃಷ್ಟಿ ಪರೀಕ್ಷೆ ಮೊದಲು ಆಗಬೇಕೆಂದು ಕೇಳಿದೆ, ಎರಡೂ ಸರಿಯಾಗಿದ್ದವು. ನಿದ್ರೆ ಸಾಕಷ್ಟಿತ್ತು, ಗೊರಕೆ ಇರಲಿಲ್ಲ. ಶಾಲೆ ತಪ್ಪಿಸಿದ ದಿನಗಳು ಹೆಚ್ಚಿರಲಿಲ್ಲ, ಮನೆಮಾತೂ ಶಾಲೆಯ ಭಾಷೆಯೂ ಒಂದೇ. ಕಳವಳ ಇತ್ತು, ಆದರೆ ಅದು ಓದಿನ ತೊಂದರೆಯ ನಂತರ ಬಂದದ್ದೆಂದು ತಾಯಿಯ ನೆನಪಿನಿಂದ ಸ್ಪಷ್ಟವಾಗುತ್ತಿತ್ತು.

ವಯಸ್ಸಿನ ಪ್ರಶ್ನೆಯನ್ನು ಹಾಗೆ ಬೇಗ ದಾಟುವಂತಿರಲಿಲ್ಲ, ಏಕೆಂದರೆ ಮುಖ್ಯೋಪಾಧ್ಯಾಯಿನಿಯ ವಾದ ನಿಂತಿದ್ದದ್ದೇ ಅದರ ಮೇಲೆ, ಮತ್ತು ಅದರಲ್ಲಿ ಹುರುಳೂ ಇತ್ತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 9 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ನೋಡಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡಿಸೆಂಬರ್‌ನಲ್ಲಿ ಹುಟ್ಟಿ ತರಗತಿಯಲ್ಲೇ ಅತಿ ಚಿಕ್ಕವರಾದ ಮಕ್ಕಳಿಗೆ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಎಂಬ ನಿರ್ಣಯ ಸಿಗುವ ಸಾಧ್ಯತೆ ಜನವರಿಯಲ್ಲಿ ಹುಟ್ಟಿದವರಿಗಿಂತ ಹುಡುಗರಲ್ಲಿ ಶೇ. 30ರಷ್ಟು, ಹುಡುಗಿಯರಲ್ಲಿ ಶೇ. 70ರಷ್ಟು ಹೆಚ್ಚಿತ್ತು. ಅಂದರೆ ಎಳೆತನವನ್ನೇ ತೊಂದರೆ ಎಂದು ಓದಿಕೊಳ್ಳುವ ಅಪಾಯ ನಿಜ. ಆದ್ದರಿಂದ ಈ ಬಾಲಕಿಯನ್ನು ಇಡೀ ತರಗತಿಯೊಂದಿಗೆ ಹೋಲಿಸದೆ, ಅವಳಷ್ಟೇ ವಯಸ್ಸಿನ ಉಳಿದ ಕೆಲವು ಮಕ್ಕಳೊಂದಿಗೆ ಹೋಲಿಸಿ ನೋಡುವಂತೆ ಶಿಕ್ಷಕಿಯನ್ನು ಕೇಳಿಕೊಂಡೆ. ಆ ಮಕ್ಕಳೂ ಚಡಪಡಿಸುತ್ತಿದ್ದರು, ಮರೆಯುತ್ತಿದ್ದರು. ಆದರೆ ಬದಲಿಸಿ ಬರೆದ ವಾಕ್ಯಗಳನ್ನು ಓದುತ್ತಿದ್ದರು. ಎಳೆತನ ಗಮನದ ಒಂದು ಭಾಗವನ್ನು ವಿವರಿಸಬಲ್ಲದಾಗಿತ್ತು, ಓದನ್ನು ವಿವರಿಸಲಾರದಾಗಿತ್ತು.

ಓದಿನ ಪರಿಶೀಲನೆಯಲ್ಲಿ ನೆನಪು ನೆರವಿಗೆ ಬಾರದಂಥ ಸಾಮಗ್ರಿಯನ್ನು ಬಳಸುವುದು ಅಗತ್ಯ. 'ಮುಲಪೆ', 'ತಿಗೊಲು' ಮುಂತಾದ ಅರ್ಥವಿಲ್ಲದ ಪದಗಳನ್ನು ಓದಲು ಕೊಟ್ಟರೆ ಮಗು ಅಕ್ಷರಗಳನ್ನು ನಿಜವಾಗಿ ಕೂಡಿಸಿ ಓದುತ್ತಿದೆಯೇ ಎಂಬುದು ತಿಳಿಯುತ್ತದೆ. ಮೂಲಾಕ್ಷರಗಳಲ್ಲಿ ಬಹುತೇಕ ಎಲ್ಲವನ್ನೂ ಅವಳು ಗುರುತಿಸಿದಳು. ಥ, ಧ, ಘ, ಫಗಳು ಅದಲುಬದಲಾಗುತ್ತಿದ್ದವು. ಕಾಗುಣಿತದಲ್ಲಿ ಸುಮಾರು ಅರ್ಧದಷ್ಟು ತಪ್ಪು, ಅದರಲ್ಲೂ ಹ್ರಸ್ವ ದೀರ್ಘಗಳು: ಬಳೆ ಮತ್ತು ಬಾಳೆ ಅವಳಿಗೆ ಒಂದೇ ಆಗಿ ಕಾಣುತ್ತಿದ್ದವು. ಒತ್ತಕ್ಷರವನ್ನು ಕಂಡಲ್ಲೆಲ್ಲ ಬಿಟ್ಟುಬಿಡುತ್ತಿದ್ದಳು, ಹಳ್ಳಿ ಹಳಿಯಾಗುತ್ತಿತ್ತು. ಸೂರ್ಯ ಎಂಬ ಪದದಲ್ಲಿ ಮೊದಲು ಉಚ್ಚರಿಸಬೇಕಾದ ರಕಾರ ಅರ್ಕಾವತ್ತಾಗಿ ಯಕಾರದ ನಂತರ ಬರೆಯಲ್ಪಡುತ್ತದೆ ಎಂಬುದು ಅವಳಿಗೆ ಪೂರ್ತಿ ಒಗಟು. ಮೊದಲು ಎದುರಾದ ಅಪರಿಚಿತ ಗದ್ಯದಲ್ಲಿ ನಿಮಿಷಕ್ಕೆ ಸರಿಯಾಗಿ ಓದಿದ್ದು 9 ಪದ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕನ್ನಡದಂಥ ಲಿಪಿಯಲ್ಲಿ ಕಲಿಯಬೇಕಾದ ರೂಪಗಳು ಕಾಗುಣಿತವೊಂದರಲ್ಲೇ ನಾನೂರಕ್ಕೂ ಹೆಚ್ಚು, ಒತ್ತಕ್ಷರಗಳು ಅದರ ಮೇಲೆ. ಕನ್ನಡ ಓದಿನ ಕಲಿಕೆಯ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಕಲಿಕೆ ಮೊದಲೆರಡು ವರ್ಷಗಳಲ್ಲಿ ಮುಗಿಯದೆ ಮುಂದಿನ ತರಗತಿಗಳಿಗೂ ಹಬ್ಬುತ್ತದೆ ಎಂಬುದನ್ನೂ, ಪದವನ್ನು ಅಕ್ಷರಗಳಾಗಿ ಒಡೆಯುವ ಅರಿವಿಗಿಂತ ಅಕ್ಷರದೊಳಗಿನ ಬಿಡಿ ಧ್ವನಿಗಳ ಅರಿವು ನಿಧಾನವಾಗಿ ಬರುತ್ತದೆ ಎಂಬುದನ್ನೂ ತೋರಿಸಿದೆ. ಆದ್ದರಿಂದ ಎರಡನೆಯ ತರಗತಿಯ ಮಗು ವಿಜಾತೀಯ ಒತ್ತಕ್ಷರದಲ್ಲಿ ಎಡವಿದರೆ ಅದೊಂದನ್ನೇ ಲಕ್ಷಣವೆಂದು ಹಿಡಿಯಬಾರದು. ಈ ಬಾಲಕಿಗೆ 'ಕಮಲ'ದಿಂದ 'ಕ' ತೆಗೆದರೆ ಉಳಿಯುವುದೇನು ಎಂಬಂಥ, ಈ ವಯಸ್ಸಿಗೆ ಸುಲಭವಾಗಿ ಬರಬೇಕಾದ ಪ್ರಶ್ನೆಯೂ ಕಷ್ಟವಾಗುತ್ತಿತ್ತು. ಕಣ್ಣೆದುರಿನ ಚಿತ್ರಗಳ ಹೆಸರುಗಳನ್ನು ಬೇಗ ಬೇಗ ಹೇಳುವುದರಲ್ಲೂ ಬಹಳ ನಿಧಾನ. ನಾಲ್ಕು ಅಂಕಿಗಳನ್ನು ಕೇಳಿ ಅದೇ ಕ್ರಮದಲ್ಲಿ ಹೇಳಲು ಆಗುತ್ತಿರಲಿಲ್ಲ. ನನ್ನ ಆತಂಕಕ್ಕೆ ಆಧಾರ ಇವೆಲ್ಲ ಒಟ್ಟಿಗೆ ಕಂಡದ್ದು.

ಗಮನದ ವಿಷಯವೂ ಓದಿನ ನೆರಳು ಮಾತ್ರ ಆಗಿರಲಿಲ್ಲ. ಓದಲು ಬಾರದ ಮಗು ಪಾಠದ ಹೊತ್ತಿನಲ್ಲಿ ಎತ್ತಲೋ ನೋಡುವುದು ಸಹಜ. ಆದರೆ ಅಕ್ಷರವೇ ಇಲ್ಲದ ಕೆಲಸಗಳಲ್ಲಿ, ಮನೆಯಲ್ಲಿ, ಆಟದಲ್ಲಿ ಕೂಡ ಇವಳು ಜಾರುತ್ತಿದ್ದಳು. ಓದಿನ ತೊಂದರೆಯಿರುವ ಮಕ್ಕಳಲ್ಲಿ ಸುಮಾರು ಕಾಲುಭಾಗದಿಂದ ಶೇ. 40ರವರೆಗೆ ಎಡಿಎಚ್‌ಡಿಯೂ ಕಾಣಿಸುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಎರಡೂ ಇರುವ ಮಗುವಿನಲ್ಲಿ ಒಂದಕ್ಕಷ್ಟೇ ನೆರವು ಕೊಟ್ಟರೆ ಇನ್ನೊಂದು ಆ ನೆರವನ್ನು ಸೋಲಿಸುತ್ತದೆ.

ಎರಡನೆಯ ಪತ್ರ ಮತ್ತು ಸಭೆ

ತಂದೆತಾಯಿ ಬರೆದ ಎರಡನೆಯ ಪತ್ರದಲ್ಲಿ ಡಿಸ್ಲೆಕ್ಸಿಯಾ (ಓದಿನ ತೊಂದರೆಗೆ ತಜ್ಞರು ಕೊಡುವ ಹೆಸರು), ಎಡಿಎಚ್‌ಡಿ ಎಂಬ ಮಾತುಗಳು ಎಲ್ಲಿಯೂ ಇರಲಿಲ್ಲ. ಹಲಗೆಯಿಂದ ಬರೆಯುವಾಗ ಪ್ರತಿ ಅಕ್ಷರಕ್ಕೂ ತಲೆಯೆತ್ತುವುದು, ಪಾಠ ಬಾಯಿಪಾಠವಾಗಿದ್ದು ಅದೇ ವಾಕ್ಯಗಳನ್ನು ಬದಲಿಸಿದರೆ ಓದಲಾಗದಿರುವುದು, ಒಂದೇ ಸೂಚನೆಯನ್ನು ಪಾಲಿಸಿ ಮೂರನ್ನು ಪಾಲಿಸಲಾಗದಿರುವುದು, ಮನೆಪಾಠಕ್ಕೆ ಹಿಡಿಯುವ ಸಮಯ, ಹೊಟ್ಟೆನೋವು ಬರುವ ಹೊತ್ತು, ಇವೆಲ್ಲ ದಿನಾಂಕ ಸಹಿತ ಇದ್ದವು. ಅವಳು ಚೆನ್ನಾಗಿ ಮಾಡುವ ಕೆಲಸಗಳಿಗೆ ಅರ್ಧ ಪುಟ ಮೀಸಲಾಗಿತ್ತು. ಅದನ್ನು ಸೇರಿಸಲೇಬೇಕೆಂದು ನಾನು ಒತ್ತಾಯಿಸಿದ್ದೆ, ಏಕೆಂದರೆ ಕೊರತೆಗಳ ಪಟ್ಟಿಯನ್ನಷ್ಟೇ ಓದಿದ ಶಾಲೆಗೆ ಮಗುವನ್ನು ಕೆಳಗಿನ ತರಗತಿಗೆ ಕಳಿಸುವುದೇ ಉಪಾಯವಾಗಿ ತೋರಬಹುದು. ಕೊನೆಯಲ್ಲಿ ಬೇಡಿಕೆ ಸ್ಪಷ್ಟವಾಗಿತ್ತು: ಓದಿನ ನೆರವು ಈಗಲೇ ಆರಂಭವಾಗಲಿ, ತರಗತಿಯಲ್ಲಿ ಇಂಥಿಂಥ ಹೊಂದಾಣಿಕೆಗಳಾಗಲಿ, ಇದನ್ನು ಪರಿಶೀಲಿಸಲು ಇಂಥ ವಾರದಲ್ಲಿ ಸೇರೋಣ. ಉತ್ತರವನ್ನು ಬರಹದಲ್ಲೇ ಕೊಡಬೇಕೆಂದು ಕೋರಲಾಗಿತ್ತು.

ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿ ಮೊದಲು ಎತ್ತಿದ ಪ್ರಶ್ನೆ ವರದಿಯದ್ದೇ. ಅದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಇದು ಬಹಳ ಕಡೆ ಬೇಕಾಗುವ ಉತ್ತರ. ಮಾನಸಿಕ ಮತ್ತು ಬೆಳವಣಿಗೆಯ ತೊಂದರೆಗಳನ್ನು ನಿರ್ಣಯಿಸಲು ತಜ್ಞರು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ನಿರ್ದಿಷ್ಟ ಕಲಿಕಾ ದೋಷವೆಂದು (ಡಿಸ್ಲೆಕ್ಸಿಯಾ ಇದರಲ್ಲೇ ಸೇರುತ್ತದೆ) ಹೇಳಬೇಕಾದರೆ, ತೊಂದರೆಯನ್ನೇ ಗುರಿಯಾಗಿಟ್ಟುಕೊಂಡ ನೆರವು ಕೊಟ್ಟ ಮೇಲೂ ಅದು ಕನಿಷ್ಠ 6 ತಿಂಗಳು ಉಳಿದಿರಬೇಕು. ಅಂದರೆ ನೆರವೇ ಕೊಡದ ಮಗುವಿನ ವಿಷಯದಲ್ಲಿ ಮನಶ್ಶಾಸ್ತ್ರಜ್ಞರೂ ಗಟ್ಟಿಯಾಗಿ ಏನನ್ನೂ ಹೇಳಲಾರರು. ವರದಿ ಬಂದ ಮೇಲೆ ನೆರವು ಎಂದು ಶಾಲೆ, ನೆರವಿಗೆ ಮಗು ಹೇಗೆ ಸ್ಪಂದಿಸಿತು ಎಂಬ ದಾಖಲೆ ತನ್ನಿ ಎಂದು ತಜ್ಞರು ಹೇಳುತ್ತಿರುವಾಗ ನಡುವೆ ಸಿಕ್ಕ ಮಗುವಿಗೆ ಎರಡೂ ಸಿಗುವುದಿಲ್ಲ. ಎಡಿಎಚ್‌ಡಿಗೂ ಅದೇ ಕೈಪಿಡಿ ಎರಡು ಅಥವಾ ಹೆಚ್ಚು ಸನ್ನಿವೇಶಗಳಲ್ಲಿ ಲಕ್ಷಣಗಳಿರಬೇಕು, ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಿ ಮಕ್ಕಳಿಗೆ ಕನಿಷ್ಠ 6 ಇರಬೇಕು, ಅವು 6 ತಿಂಗಳು ಮುಂದುವರಿದಿರಬೇಕು, ಕೆಲವಾದರೂ 12 ವರ್ಷಕ್ಕೆ ಮೊದಲೇ ಕಂಡಿರಬೇಕು ಎನ್ನುತ್ತದೆ. ಅಲ್ಲಿಯೂ ಶಿಕ್ಷಕಿಯ ಲಿಖಿತ ಅವಲೋಕನವಿಲ್ಲದೆ ವೈದ್ಯರ ಕೆಲಸ ಮುಂದುವರಿಯದು.

ಮುಖ್ಯೋಪಾಧ್ಯಾಯಿನಿ ಈ ಮಾತನ್ನು ಕೇಳಿ ಸ್ವಲ್ಪ ಹೊತ್ತು ಪತ್ರವನ್ನು ಮತ್ತೆ ಓದಿದರು. ಅವರ ನಂತರದ ಪ್ರಶ್ನೆ ಪ್ರಾಯೋಗಿಕವಾಗಿತ್ತು: ಒಂದು ಮಗುವಿಗಾಗಿ ಒಬ್ಬ ಶಿಕ್ಷಕಿಯನ್ನು ಎಲ್ಲಿಂದ ತರುವುದು? ಒಬ್ಬೊಬ್ಬರಿಗೇ ಕಲಿಸಬೇಕೆಂದಿಲ್ಲ ಎಂದು ನಾನು ತಿಳಿಸಿದೆ. ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ 2000ದಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಧ್ವನಿಗಳ ಅರಿವನ್ನು ಬೆಳೆಸುವ ಪಾಠ ಸಣ್ಣ ಗುಂಪಿನಲ್ಲಿ ನಡೆದಾಗ ಹೆಚ್ಚು ಫಲ ಕೊಟ್ಟಿತ್ತು. ತರಗತಿಯಲ್ಲಿ ಇನ್ನೂ ಮೂವರು ಮಕ್ಕಳು ಓದಿನಲ್ಲಿ ಹಿಂದಿದ್ದರೆಂದು ಶಿಕ್ಷಕಿಯೇ ಹೇಳಿದ್ದರಿಂದ ಗುಂಪು ತಾನಾಗಿಯೇ ಸಿದ್ಧವಾಯಿತು. ಸಮಯ ಬೇಕೆಂದಾಗ ಚಿತ್ರಕಲೆಯ ಅವಧಿಯನ್ನು ಬಿಡಿಸಬಹುದೆಂಬ ಸಲಹೆ ಬಂತು. ಅದನ್ನು ನಾನು ಬಲವಾಗಿ ವಿರೋಧಿಸಿದೆ. ದಿನದಲ್ಲಿ ಮಗು ತಾನೂ ಗೆಲ್ಲಬಲ್ಲೆ ಎಂದು ಕಾಣುವ ಒಂದೇ ಅವಧಿಯನ್ನು ಅವಳ ತೊಂದರೆಯ ಹೆಸರಿನಲ್ಲಿ ಕಿತ್ತುಕೊಳ್ಳುವುದು ನನಗೆ ಸರ್ವಥಾ ಒಪ್ಪಿಗೆಯಿಲ್ಲ.

ತರಗತಿ ಶಿಕ್ಷಕಿಯ ಆತಂಕ ನ್ಯಾಯದ್ದು. "ಒಬ್ಬಳಿಗೆ ಕಡಿಮೆ ಬರೆಯಿಸಿದರೆ ಉಳಿದವರು ಕೇಳುವುದಿಲ್ಲವೇ ಮೇಡಂ?" ಎಂದರು. ಕನ್ನಡಕ ಹಾಕಿಕೊಂಡ ಮಗುವನ್ನು ಕಂಡು ಉಳಿದವರು ಕನ್ನಡಕ ಕೇಳುವುದಿಲ್ಲ ಎಂದು ತಾಯಿ ಮೆಲ್ಲನೆ ಹೇಳಿದರು, ಮತ್ತು ಆ ಮಾತು ನನ್ನ ಯಾವ ವಿವರಣೆಗಿಂತಲೂ ಹೆಚ್ಚು ಕೆಲಸ ಮಾಡಿತು. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೆಯ ವಿಧಿ ಶಿಕ್ಷಣದಲ್ಲಿ ಸಮಂಜಸ ಹೊಂದಾಣಿಕೆಯನ್ನು ಹಕ್ಕೆಂದೇ ಹೇಳುತ್ತದೆ. ಅದನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ನಮೂದಿಸಿದ್ದೆವು, ಸಭೆಯಲ್ಲಿ ಎತ್ತಲಿಲ್ಲ. ದಿನವೂ ಮಗುವಿನೊಂದಿಗೆ ಇರಬೇಕಾದ ಶಿಕ್ಷಕಿಯೊಂದಿಗೆ ಮಾತು ಆರಂಭವಾಗುತ್ತಿರುವಾಗಲೇ ಕಾನೂನನ್ನು ಮುಂದಿಡುವುದು ಜಾಣತನವಲ್ಲ. ನಿರಾಕರಣೆ ಬರಹದಲ್ಲಿ ಬಂದಾಗ ಅದಕ್ಕೆ ಜಾಗವಿದೆ.

ಒಪ್ಪಿದ ಯೋಜನೆ

ಯೋಜನೆ ಒಂದು ಪುಟದ್ದು, ಪ್ರತಿ ಸಾಲಿನ ಎದುರು ಅದನ್ನು ಮಾಡುವವರು ಯಾರೆಂದು ಬರೆದಿತ್ತು. ಅದರಲ್ಲಿ ಎರಡು ಬಗೆಯ ಕೆಲಸಗಳಿದ್ದವು, ಮತ್ತು ಇವೆರಡನ್ನು ಬೆರೆಸದಿರುವುದು ಮುಖ್ಯ. ಹಲಗೆಯಿಂದ ಬರೆಯುವ ಬದಲು ಅಚ್ಚಾದ ಹಾಳೆ ಕೊಡುವುದು, ಪ್ರಶ್ನೆಯನ್ನು ಓದಿ ಹೇಳುವುದು, ಹೆಚ್ಚು ಸಮಯ ಕೊಡುವುದು, ಮುನ್ಸೂಚನೆಯಿಲ್ಲದೆ ಎಲ್ಲರೆದುರು ಗಟ್ಟಿಯಾಗಿ ಓದಿಸದಿರುವುದು ಇವೆಲ್ಲ ಹೊಂದಾಣಿಕೆಗಳು; ಓದು ಬಾರದ ಕಾರಣಕ್ಕೆ ಉಳಿದ ಕಲಿಕೆ ನಿಲ್ಲದಂತೆ ನೋಡಿಕೊಳ್ಳುತ್ತವೆ, ಆದರೆ ಓದನ್ನು ಕಲಿಸುವುದಿಲ್ಲ. ಓದನ್ನು ಕಲಿಸುವ ಪಾಠ ಬೇರೆಯೇ. ಅನೇಕ ಶಾಲೆಗಳು ಹೆಚ್ಚುವರಿ ಸಮಯ ಕೊಟ್ಟು ಕರ್ತವ್ಯ ಮುಗಿಯಿತೆಂದುಕೊಳ್ಳುತ್ತವೆ, ಅನೇಕ ತಂದೆತಾಯಂದಿರೂ ಅಷ್ಟಕ್ಕೇ ಸಮಾಧಾನಪಡುತ್ತಾರೆ. ಆಗ ಐದನೆಯ ತರಗತಿಗೆ ಬಂದ ಮಗುವಿನ ಕೈಯಲ್ಲಿ ಸಮಯವಿರುತ್ತದೆ, ಓದು ಇರುವುದಿಲ್ಲ.

ಪಾಠಕ್ಕೆ ವಾರದಲ್ಲಿ ನಾಲ್ಕು ದಿನ, ದಿನಕ್ಕೆ 25 ನಿಮಿಷ ನಿಗದಿಯಾಯಿತು. ಪದವನ್ನು ಚಪ್ಪಾಳೆ ತಟ್ಟಿ ಅಕ್ಷರಗಳಾಗಿ ಒಡೆಯುವುದರಿಂದ ಆರಂಭ. ನಂತರ ಹ್ರಸ್ವ ದೀರ್ಘಗಳ ಜೋಡಿಗಳನ್ನು ಕಿವಿಯಲ್ಲಿ ಗುರುತಿಸಿ, ಬಾಯಲ್ಲಿ ಹೇಳಿ, ಬೆರಳಿನಿಂದ ಬರೆಯುವುದು. ಒಂದು ಸಲಕ್ಕೆ ನಾಲ್ಕೈದು ವ್ಯಂಜನಗಳ ಕಾಗುಣಿತ ಮಾತ್ರ. ಕಲಿತ ಅಕ್ಷರಗಳಷ್ಟೇ ಬರುವಂತೆ ಕಟ್ಟಿದ ಚಿಕ್ಕ ವಾಕ್ಯಗಳನ್ನು ಅದೇ ದಿನ ಓದುವುದು. ಸಜಾತೀಯ ಒತ್ತಕ್ಷರ ಗಟ್ಟಿಯಾಗುವ ಮುನ್ನ ವಿಜಾತೀಯಕ್ಕೆ ಕೈಹಾಕುವಂತಿರಲಿಲ್ಲ, ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ. ಗುಂಪಿನ ಪಾಠವನ್ನು ಒಬ್ಬ ಕಿರಿಯ ಶಿಕ್ಷಕಿ ವಹಿಸಿಕೊಂಡರು. ಮೊದಲ ವಾರಗಳಲ್ಲಿ ನಾನು ಜೊತೆಗಿದ್ದೆ.

ಗಮನಕ್ಕಾಗಿ ಮಾಡಿದ್ದು ಸರಳ. ಸೂಚನೆ ಒಂದೊಂದಾಗಿ, ಹೆಸರು ಹಿಡಿದು ಕರೆದು, ಮಗು ತಿರುಗಿ ನೋಡಿದ ಮೇಲೆ. ದೀರ್ಘ ಕೆಲಸವನ್ನು ಎರಡಾಗಿ ಮಡಿಸಿದ ಹಾಳೆಯಲ್ಲಿ ಕೊಡುವುದು. ನಡುವೆ ಪುಸ್ತಕ ಹಂಚುವಂಥ, ಎದ್ದು ಓಡಾಡುವ ಕೆಲಸವೊಂದನ್ನು ಅವಳಿಗೆ ವಹಿಸುವುದು. ಇದರೊಂದಿಗೆ ದಿನದ ಕಾರ್ಡು: ಒಪ್ಪಿಕೊಂಡ ಗುರಿ ಆ ಅವಧಿಯಲ್ಲಿ ಸಾಧ್ಯವಾಯಿತೇ ಎಂದು ಶಿಕ್ಷಕಿ ಗುರುತು ಹಾಕುವುದು, ಸಂಜೆ ಮನೆಯಲ್ಲಿ ಅದನ್ನು ನೋಡಿ ಮೆಚ್ಚುಗೆ ಹೇಳಿ ಒಂದು ಕತೆ ಹೆಚ್ಚು ಓದಿ ಹೇಳುವುದು. ಗುರುತು ಸಿಗದ ದಿನ ಶಿಕ್ಷೆಯಿಲ್ಲ. ಮನೆಪಾಠ 20 ನಿಮಿಷಕ್ಕೆ ನಿಲ್ಲಬೇಕು, ಮುಗಿಯಲಿ ಬಿಡಲಿ, ತಾಯಿ ಸಹಿ ಹಾಕಿದರೆ ಸಾಕು ಎಂದು ಶಾಲೆ ಬರೆದುಕೊಟ್ಟಿತು. ಮನೆಯ ವಾತಾವರಣ ಬದಲಾದದ್ದು ಈ ಒಂದು ಸಾಲಿನಿಂದ.

ಮೊದಲ ಅವಧಿಯಲ್ಲಿ ನಡೆದದ್ದು

ಎಲ್ಲವೂ ಕೂಡಿಬರಲಿಲ್ಲ. ಗಮನ ನಿಲ್ಲದ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಬೇಕೆಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಇವಳು ಹಿಂದಿನ ಸದ್ದಿಗೆಲ್ಲ ತಿರುಗಿ ತಿರುಗಿ ನೋಡಿ ಇನ್ನಷ್ಟು ಕಳೆದುಹೋದಳು. ಎರಡನೆಯ ಸಾಲಿನ ಗೋಡೆ ಬದಿಯ ಜಾಗ ಅವಳಿಗೆ ಸರಿಹೋಯಿತು. ಕಾರ್ಡಿನಲ್ಲಿ ಮೊದಲು ಐದು ಗುರಿಗಳಿದ್ದವು, 38 ಮಕ್ಕಳ ನಡುವೆ ಶಿಕ್ಷಕಿಗೆ ಗುರುತು ಹಾಕಲು ಆಗಲಿಲ್ಲ. ಎರಡಕ್ಕೆ ಇಳಿಸಿದ ಮೇಲೆ ಕಾರ್ಡು ದಿನವೂ ಮನೆಗೆ ಬರತೊಡಗಿತು. ಸೂಚನೆಗಳನ್ನು ಒಂದೊಂದಾಗಿ ಕೊಡುವುದರಿಂದ ಇಡೀ ತರಗತಿಯಲ್ಲಿ ಗೊಂದಲ ಕಡಿಮೆಯಾಯಿತೆಂದು ಶಿಕ್ಷಕಿ ತಾವಾಗಿಯೇ ತಿಳಿಸಿದರು.

ಓದಿನಲ್ಲಿ ಮೊದಲ ಕೆಲವು ವಾರ ಏನೂ ಕಾಣಲಿಲ್ಲ. ಬಾಯಿಪಾಠವನ್ನು ಬಿಟ್ಟು ನಿಜವಾಗಿ ಓದಲು ಹೊರಟದ್ದರಿಂದ ತರಗತಿಯಲ್ಲಿ ಅವಳ ಓದು ಮೊದಲಿಗಿಂತ ನಿಧಾನವಾದಂತೆ ತೋರಿತು, ತಂದೆ ಗಾಬರಿಯಾದರು. ಪರಿಶೀಲನಾ ಸಭೆಯ ಹೊತ್ತಿಗೆ ಅರ್ಥವಿಲ್ಲದ ಎರಡಕ್ಷರದ ಪದಗಳನ್ನು ಬಹುತೇಕ ಸರಿಯಾಗಿ ಓದುತ್ತಿದ್ದಳು. ವರ್ಷದ ಕೊನೆಗೆ ಅಪರಿಚಿತ ಗದ್ಯದಲ್ಲಿ ನಿಮಿಷಕ್ಕೆ 27 ಪದ. ತರಗತಿಯ ಸಾಮಾನ್ಯ ವೇಗಕ್ಕೆ ಇದು ಇನ್ನೂ ದೂರವೇ. ಆದರೆ ಓದುವ 27 ಪದಗಳನ್ನು ಅವಳು ಕಣ್ಣಿನಿಂದಲೇ ಓದುತ್ತಿದ್ದಳು. ಹೊಟ್ಟೆನೋವಿನ ದೂರು ಅಪರೂಪವಾಗಿತ್ತು.

ವರದಿ ಬಂದ ಮೇಲೆ

ಮನಶ್ಶಾಸ್ತ್ರಜ್ಞರ ವರದಿ ವರ್ಷದ ಕೊನೆಯಲ್ಲಿ ಕೈಸೇರಿತು: ಮಾತಿನ ಮೂಲಕ ತರ್ಕಿಸುವ ಸಾಮರ್ಥ್ಯ ಸರಾಸರಿಗಿಂತ ಮೇಲು, ವರ್ಕಿಂಗ್ ಮೆಮೊರಿ (ಕೇಳಿದ್ದನ್ನು ಕೆಲಸ ಮುಗಿಯುವವರೆಗೆ ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ) ದುರ್ಬಲ, ಓದು ಮತ್ತು ಬರವಣಿಗೆಯನ್ನು ಒಳಗೊಂಡ ನಿರ್ದಿಷ್ಟ ಕಲಿಕಾ ದೋಷ, ಜೊತೆಗೆ ಗಮನದ ಕೊರತೆಯೇ ಪ್ರಧಾನವಾದ ಎಡಿಎಚ್‌ಡಿ. ಶಾಲೆಯ ದಾಖಲೆಗಳು ಇಷ್ಟು ವಿವರವಾಗಿದ್ದುದರಿಂದಲೇ ತಾವು ನಿಶ್ಚಯವಾಗಿ ಹೇಳಲು ಸಾಧ್ಯವಾಯಿತೆಂದು ಅವರು ಬರೆದಿದ್ದರು. ಹೆಸರು ಸಿಕ್ಕಿದ್ದು ನಿರುಪಯೋಗವೇನಲ್ಲ; ಪರೀಕ್ಷೆಯ ರಿಯಾಯಿತಿಗಳಿಗೆ ಅದು ಬೇಕು, ಮತ್ತು ತಂದೆಗೆ ಅದು ತಮ್ಮ ಬಾಲ್ಯವನ್ನೂ ಬೇರೆ ರೀತಿಯಲ್ಲಿ ನೋಡಲು ಅವಕಾಶ ಕೊಟ್ಟಿತು.

ಔಷಧದ ಪ್ರಶ್ನೆಯನ್ನು ಮಕ್ಕಳ ಮನೋವೈದ್ಯರು ಎತ್ತಿದರು. ಮಧ್ಯಾಹ್ನದ ಅವಧಿಗಳಲ್ಲಿ ಗಮನ ಇನ್ನೂ ಬಹಳ ಕುಸಿಯುತ್ತಿದ್ದುದರಿಂದ ಕಡಿಮೆ ಪ್ರಮಾಣದ ಮೀಥೈಲ್‌ಫೆನಿಡೇಟ್ ಪ್ರಯತ್ನಿಸಬಹುದೆಂದರು. ಎಡಿಎಚ್‌ಡಿ ಇದ್ದ 7ರಿಂದ 9 ವರ್ಷದ 579 ಮಕ್ಕಳನ್ನು 14 ತಿಂಗಳು ಗಮನಿಸಿ 1999ರಲ್ಲಿ ಪ್ರಕಟವಾದ ಎಂಟಿಎ ಅಧ್ಯಯನದಲ್ಲಿ, ಎಚ್ಚರಿಕೆಯಿಂದ ಹೊಂದಿಸಿ ಕೊಟ್ಟ ಔಷಧವು ಮುಖ್ಯ ಲಕ್ಷಣಗಳ ಮೇಲೆ ವರ್ತನಾ ಚಿಕಿತ್ಸೆಯೊಂದಕ್ಕಿಂತ ಹೆಚ್ಚು ಪರಿಣಾಮ ಬೀರಿತ್ತು ಎಂಬುದನ್ನು ಅವರು ತಂದೆತಾಯಿಗೆ ವಿವರಿಸಿದರು. ಔಷಧ ಮಗುವನ್ನು ಪಾಠದ ಮುಂದೆ ನಿಲ್ಲಿಸಬಲ್ಲದು, ಒತ್ತಕ್ಷರವನ್ನು ಕಲಿಸಲಾರದು ಎಂಬುದನ್ನೂ ಹೇಳಿದರು. ಹಸಿವು, ನಿದ್ರೆ, ಎತ್ತರ, ತೂಕ ಇವುಗಳ ಮೇಲೆ ನಿಗಾ ಇಡುವುದು ಮತ್ತು ಶಿಕ್ಷಕಿಯಿಂದ ವಾರಕ್ಕೊಮ್ಮೆ ಬರಹದಲ್ಲಿ ಅಭಿಪ್ರಾಯ ಪಡೆಯುವುದು ಎಂಬ ಷರತ್ತಿನ ಮೇಲೆ ತಂದೆತಾಯಿ ಒಪ್ಪಿದರು. ಈ ನಿರ್ಧಾರ ಅವರದು ಮತ್ತು ವೈದ್ಯರದು. ಶಾಲೆಯಾಗಲಿ ನಾನಾಗಲಿ ಇದರಲ್ಲಿ ಒತ್ತಡ ಹಾಕಬಾರದೆಂಬ ನಿಲುವನ್ನು ಸಭೆಯಲ್ಲೇ ಸ್ಪಷ್ಟಪಡಿಸಿದ್ದೆ.

ಮೂರನೆಯ ತರಗತಿಗೆ ಹೋಗುವ ಮುನ್ನ ಹಳೆಯ ಮತ್ತು ಹೊಸ ಶಿಕ್ಷಕಿಯರು ಒಟ್ಟಿಗೆ ಕುಳಿತು ಯೋಜನೆಯ ಪುಟವನ್ನು ಹಸ್ತಾಂತರಿಸಿದರು. ಗುಂಪಿನ ಪಾಠ ಮುಂದುವರಿದಿದೆ, ಈಗ ವಿಜಾತೀಯ ಒತ್ತಕ್ಷರಗಳ ಹಂತದಲ್ಲಿದೆ. ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳಲು, ಹೆಚ್ಚು ಸಮಯ ಕೊಡಲು ಶಾಲೆ ಒಪ್ಪಿದೆ. ಭಾಷೆಯಲ್ಲದ ವಿಷಯಗಳಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯಬಾರದೆಂಬ ಕೋರಿಕೆಗೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಉತ್ತರದಲ್ಲಿ ಅರ್ಥ ಸರಿಯಿದ್ದೂ ಅಂಕ ಹೋದ ಅವಳ ಉತ್ತರಪತ್ರಿಕೆಗಳನ್ನು ಜೋಡಿಸಿ ತಾಯಿ ಮೂರನೆಯ ಪತ್ರ ಬರೆಯುತ್ತಿದ್ದಾರೆ, ಅದು ಮೊದಲ ಅವಧಿಯ ಕೊನೆಯ ಪರಿಶೀಲನಾ ಸಭೆಯ ಮುಂದೆ ಬರಲಿದೆ.